ಮರದ ಬುಡದ ಮಣ್ಣು

ಮರವೆಂದರೆ ಕಾಂಡ, ಕೊಂಬೆ, ಎಲೆ ಎಂದಷ್ಟೇ ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ಅದರ ಬಾಳ್ವೆಯ ಬಹುಭಾಗ ಮಣ್ಣಿನೊಳಗೆ ನಡೆಯುತ್ತದೆ. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಸುಮಾರು 104 ಚದರ ಕಿಲೋಮೀಟರ್ ಕಾಡಿದೆ. ವಿಹಾರ, ತುಳಸಿ ಕೆರೆಗಳು ಅದರೊಳಗೇ ಇವೆ. ಅಲ್ಲಿಯ ತೇಗ, ಮುತ್ತುಗ, ಬೂರುಗಗಳು ಒಣಗಾಲದಲ್ಲಿ ಉದುರಿಸಿದ ಎಲೆ ಗೊಬ್ಬರವಾಗುವುದು ಹೇಗೆ?

ಈ ಕೆಲಸ ಕಿಣ್ವಗಳದು. ನೇಯ್ದ ಬಟ್ಟೆಯ ಗಂಜಿ ತೆಗೆಯಲು ಗಿರಣಿಗಳಲ್ಲಿ ಕಿಣ್ವ ಬಳಸುವುದನ್ನು ನಮ್ಮಲ್ಲಿ ಹಲವರು ಬಲ್ಲರು. ಅದು ಗಂಜಿಯನ್ನು ಕರಗಿಸುತ್ತದೆ, ನೂಲನ್ನು ಮುಟ್ಟುವುದಿಲ್ಲ. ಮಣ್ಣಿನಲ್ಲಿಯೂ ಒಂದೊಂದು ಕಿಣ್ವಕ್ಕೆ ಒಂದೊಂದು ಕೆಲಸ. ಸೆಲ್ಯುಲೇಸ್ ಎಲೆಯ ನಾರನ್ನು ಒಡೆಯುತ್ತದೆ. ಫಾಸ್ಫಟೇಸ್ ಕೊಳೆತ ವಸ್ತುವಿನಲ್ಲಿ ಸಿಕ್ಕಿಬಿದ್ದ ರಂಜಕವನ್ನು ಬಿಡಿಸಿಕೊಡುತ್ತದೆ. ಬ್ಯಾಕ್ಟೀರಿಯ, ಶಿಲೀಂಧ್ರ ಮೊದಲಾದವು ಇವನ್ನು ಸ್ರವಿಸುತ್ತವೆ. ಫಾಸ್ಫಟೇಸನ್ನು ಬೇರೂ ಸ್ರವಿಸುವುದುಂಟು.

ಈ ಕೆಲಸಕ್ಕೆ ಶಾಖವೂ ಬೇಕು, ತೇವವೂ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಶಾಖವಿದ್ದರೂ ತೇವವಿಲ್ಲದೆ ಕೆಲಸ ಕುಗ್ಗುತ್ತದೆ. ಜೂನ್ ಮಳೆ ಬಿದ್ದೊಡನೆ ಮಣ್ಣು ಎಚ್ಚರಗೊಳ್ಳುತ್ತದೆ. ಆದರೆ ನೀರು ನಿಂತು ಗಾಳಿಯಾಡದಾದರೆ ಕೆಲಸ ಮತ್ತೆ ನಿಧಾನವಾಗುತ್ತದೆ.

ಬಿಡುಗಡೆಯಾದ ರಂಜಕ ಮಣ್ಣಿನಲ್ಲಿ ದೂರ ಚಲಿಸದು. ಅದನ್ನು ಬೇರಿಗೆ ಹೊತ್ತು ತರುವುದು ಒಂದು ಬಗೆಯ ಶಿಲೀಂಧ್ರ. ಬೇರು ಮತ್ತು ಶಿಲೀಂಧ್ರಗಳ ಈ ಕೂಟಕ್ಕೆ ಜರ್ಮನಿಯ ಎ. ಬಿ. ಫ್ರಾಂಕ್ 1885ರಲ್ಲಿ ‘ಮೈಕೊರೈಜ’ ಎಂದು ಹೆಸರಿಟ್ಟನು. ಮರ ಸಕ್ಕರೆ ಕೊಡುತ್ತದೆ. ಶಿಲೀಂಧ್ರ ತನ್ನ ನವಿರಾದ ಎಳೆಗಳಿಂದ ರಂಜಕ ತಂದುಕೊಡುತ್ತದೆ. ಇದು ಸಾಲವಲ್ಲ, ಕೊಡುಕೊಳೆ. ತೇಗದಂಥ ಮರಗಳಲ್ಲಿ ಇದು ಬೇರಿನ ಜೀವಕೋಶಗಳ ಒಳಹೊಕ್ಕಿರುವುದರಿಂದ ಬರಿಗಣ್ಣಿಗೆ ಕಾಣದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಡಿ. ಜೆ. ಬಾಗ್ಯರಾಜ್ ಅವರು ಈ ಶಿಲೀಂಧ್ರಗಳ ಬಗ್ಗೆ ಬಹುಕಾಲ ಸಂಶೋಧನೆ ನಡೆಸಿದ್ದಾರೆ.

2019ರ ಅಕ್ಟೋಬರಿನಲ್ಲಿ ಆರೆಯಲ್ಲಿ ಮೆಟ್ರೋ ಡಿಪೋಗಾಗಿ ಎರಡು ಸಾವಿರಕ್ಕೂ ಮಿಕ್ಕಿ ಮರಗಳನ್ನು ಕಡಿದರು. ಕಡಿದ ಮರಕ್ಕೆ ಬದಲು ಸಸಿ ನೆಟ್ಟರಾಯಿತು ಎಂಬ ಮಾತು ಇಂಥ ವೇಳೆ ಕೇಳಿಬರುವುದುಂಟು. ಸಸಿಯನ್ನು ಒಂದು ದಿನದಲ್ಲಿ ನೆಡಬಹುದು. ವರುಷ ವರುಷದ ಎಲೆ, ಮಳೆ, ಬೇರು ಸೇರಿ ಆದ ಮಣ್ಣನ್ನು ಲಾರಿಯಲ್ಲಿ ತಂದು ಸುರಿಯಲಾಗದು. ಲೆಕ್ಕ ಬರೆಯುವಾಗ ಈ ಬಾಬನ್ನೂ ಬರೆಯಬೇಕು.

ನಾವು ಮಾಡಬಹುದಾದುದು ಇಷ್ಟು. ಚಾಳಿನ, ಸೊಸೈಟಿಯ ಅಂಗಳದಲ್ಲಿ ಉದುರಿದ ಎಲೆಯನ್ನು ಸುಡದೆ ಮರದ ಬುಡಕ್ಕೇ ಹರಡೋಣ. ಬುಡಕ್ಕೆ ಒತ್ತಿ ಕಾಂಕ್ರೀಟು ಹಾಕಗೊಡದಿರೋಣ. ಮಳೆಗಾಲದ ಆರಂಭದಲ್ಲಿ ಸಸಿ ನೆಡುವಾಗ ಅಂಗಳದ ಆರೋಗ್ಯವಂತ ಹಳೆಯ ಮರದಡಿಯ ಒಂದು ಹಿಡಿ ಮಣ್ಣನ್ನು ಗುಂಡಿಗೆ ಸೇರಿಸೋಣ; ಉದ್ಯಾನದ ಮಣ್ಣನ್ನು ಮಾತ್ರ ತರತಕ್ಕದ್ದಲ್ಲ. ರಂಜಕದ ಗೊಬ್ಬರವನ್ನು ಮಿತಿಮೀರಿ ಹಾಕಿದರೆ ಈ ಶಿಲೀಂಧ್ರ ಹಿಂಜರಿಯುತ್ತದೆಂಬುದೂ ನೆನಪಿರಲಿ.