ಮನೆಯೊಳಗಣ ಪಳೆಯುಳಿಕೆಗಳು: ಒಡೆತನ, ಶುದ್ಧಿ, ಪ್ರದರ್ಶನ

ಕನ್ನಡನಾಡಿನ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಅರ್ಚನೆಗೊಳ್ಳುತ್ತ ಬಂದಿರುವ ಸಾಲಿಗ್ರಾಮವು, ಭೂವಿಜ್ಞಾನಿಯ ದೃಷ್ಟಿಯಲ್ಲಿ, ಹಿಮಾಲಯವಿನ್ನೂ ತಲೆಯೆತ್ತದೆ ಆ ಎಡೆಯಲ್ಲಿ ಸಮುದ್ರವೇ ಹರಡಿಕೊಂಡಿದ್ದ ಜುರಾಸಿಕ್ ಯುಗದಲ್ಲಿ ಬಾಳಿದ ಅಮೊನೈಟ್ ಎಂಬ ಸುರುಳಿಚಿಪ್ಪಿನ ಜಲಚರದ ಶಿಲಾವಶೇಷ. ನೇಪಾಳದ ಕಾಳಿಗಂಡಕಿಯು ಕರಿಯ ಜೇಡಿಶಿಲೆಯ ಪದರಗಳಿಂದ ಅದನ್ನು ಬಿಡಿಸಿ, ಉರುಳಿಸಿ, ನುಣುಪುಗೊಳಿಸಿ ದಡಕ್ಕೆ ತಂದಿಡುತ್ತದೆ. ಹೀಗೆ ನೋಡಿದರೆ ಪಳೆಯುಳಿಕೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ನಮಗೆ ಹೊಸತಲ್ಲ. ಹೊಸತಾದುದೆಂದರೆ, ತಮಿಳುನಾಡಿನ ಅರಿಯಲೂರು ಸೀಮೆಯ ಚಿಪ್ಪುಗಳು, ಕಲ್ಲಾಗಿ ಮಾರ್ಪಟ್ಟ ಮರದ ತುಂಡುಗಳು, ಅಂಗಡಿಯಲ್ಲೋ ಅಂತರ್ಜಾಲದಲ್ಲೋ ಕೊಂಡ ಮೊರಾಕೊ ದೇಶದ ಟ್ರೈಲೊಬೈಟ್‌ಗಳು ಇವೆಲ್ಲವನ್ನೂ ಗಾಜಿನ ಕಪಾಟಿನಲ್ಲಿ ಜೋಡಿಸಿಡುವ ಹವ್ಯಾಸ; ಈ ಹವ್ಯಾಸದೊಡನೆ, ಆ ವಸ್ತುವನ್ನು ನನ್ನದೆನ್ನುವ ಹಕ್ಕು ನನಗುಂಟೇ ಎಂಬ ಪ್ರಶ್ನೆಯೂ ಮನೆಯೊಳಗೆ ಬರುತ್ತದೆ. ಕಲ್ಲನ್ನು ತೊಳೆಯಲು ಕೂರುವ ಮುನ್ನವೇ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಉಚಿತ. ಏಕೆಂದರೆ ಅಜಾಗ್ರತೆಯಿಂದ ತೊಳೆದಾಗ ಮೊದಲು ಅಳಿದುಹೋಗುವುದು ಆ ಉತ್ತರಕ್ಕೆ ಬೇಕಾದ ಸಾಕ್ಷ್ಯವೇ.

ಪಳೆಯುಳಿಕೆಗಳಿಗೆಂದೇ ರಚಿತವಾದ ಪ್ರತ್ಯೇಕ ಕೇಂದ್ರ ಶಾಸನವೊಂದನ್ನು ಓದುಗರು ಹುಡುಕಬೇಕಾಗಿಲ್ಲ. ಭೂಪರಂಪರೆಯ ತಾಣಗಳನ್ನೂ ಅಲ್ಲಿನ ಅವಶೇಷಗಳನ್ನೂ ರಕ್ಷಿಸುವ ಉದ್ದೇಶದ ಮಸೂದೆಯ ಕರಡನ್ನು ಕೇಂದ್ರ ಗಣಿ ಸಚಿವಾಲಯವು 2022ರ ಡಿಸೆಂಬರಿನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತಾದರೂ, ಸಂಸತ್ತಿನ ಅಂಗೀಕಾರವಿಲ್ಲದೆ ಕರಡು ಕಾಯಿದೆಯಾಗದು, ಅದರ ಬಲದಿಂದ ಯಾರನ್ನೂ ದಂಡಿಸಲೂ ಆಗದು. ಅನೇಕರ ಮನಸ್ಸಿಗೆ ಮೊದಲು ತೋರುವ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆ, 1972 ಎಂಬುದು ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ, ನಾಣ್ಯ, ಶಾಸನ ಮುಂತಾದವನ್ನೂ, ಗತಕಾಲದ ವಿಜ್ಞಾನ, ಕಲೆ, ಮತ, ಆಚಾರಗಳನ್ನು ನಿದರ್ಶಿಸುವ ವಸ್ತುಗಳನ್ನೂ ಕುರಿತದ್ದು; ಅದರ ಆಶಯ ಮಾನವನ ಕೈಕೆಲಸದ ಕಡೆಗೆ ಇದೆಯೆಂದೇ ನನ್ನ ತಿಳಿವಳಿಕೆ. ಆ ಕಾಯಿದೆಯಂತೆ ನೋಂದಾಯಿಸತಕ್ಕವೆಂದು ಅಧಿಸೂಚಿತವಾದವು ಶಿಲ್ಪಗಳು, ಚಿತ್ರಗಳು, ಸಚಿತ್ರ ಹಸ್ತಪ್ರತಿಗಳು ಮುಂತಾದವೇ ಹೊರತು ಪಳೆಯುಳಿಕೆಗಳಲ್ಲ. ಆದರೂ ಯಾವುದಾದರೊಂದು ವಸ್ತು ಪುರಾತನವೋ ಅಲ್ಲವೋ ಎಂಬ ಸಂಶಯ ಹುಟ್ಟಿದಲ್ಲಿ, 24ನೆಯ ಕಲಮಿನ ಮೇರೆಗೆ ಅದನ್ನು ನಿರ್ಣಯಿಸುವವರು ಪುರಾತತ್ತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರು ಅಥವಾ ಅವರಿಂದ ಅಧಿಕಾರ ಪಡೆದವರೇ. ಆ ನಿರ್ಣಯವೇ ಅಂತಿಮ. ಮೂಳೆಯ ಜತೆಗೆ ಆದಿಮಾನವನ ಕಲ್ಲಿನ ಆಯುಧವೂ ಸಿಕ್ಕಿತೆಂದರೆ ಮಾತು ಬೇರೆ. ಅಲ್ಲಿ ಈ ಕಾಯಿದೆಯು ಪ್ರವೇಶಿಸುವುದು ನಿಸ್ಸಂದೇಹ.

ಹಾಗಾದರೆ ಒಡೆತನವನ್ನು ನಿಶ್ಚಯಿಸುವುದು ಯಾವುದು? ವಸ್ತುವಲ್ಲ, ಅದು ಸಿಕ್ಕ ನೆಲ. ಮಧ್ಯಪ್ರದೇಶದ ದಿಂಡೋರಿ ಜಿಲ್ಲೆಯ ಘುಘುವಾದಲ್ಲಿ ಕಲ್ಲಾದ ತಾಳೆಮರಗಳ ಕಾಂಡಗಳು ನೆಲದ ಮೇಲೆಯೇ ಬಿದ್ದಿವೆ. ಅದು ರಾಷ್ಟ್ರೀಯ ಉದ್ಯಾನವಾದಕಾರಣ, ಅಲ್ಲಿನ ಬೆರಳುಗಾತ್ರದ ಚೂರನ್ನು ಜೇಬಿಗಿಳಿಸಿದರೂ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಉಲ್ಲಂಘಿಸಿದಂತೆಯೇ. ಮೀಸಲು ಅರಣ್ಯದ ವಿಷಯವೂ ಇದಕ್ಕಿಂತ ಬಹಳ ಭಿನ್ನವಲ್ಲ; ಅರಣ್ಯೋತ್ಪನ್ನವೆಂದರೆ ಮರ, ಜೇನು, ಅಂಟುಗಳಷ್ಟೇ ಎಂದು ಜನ ಭಾವಿಸುವರಾದರೂ, 1927ರ ಭಾರತೀಯ ಅರಣ್ಯ ಕಾಯಿದೆಯ ವ್ಯಾಖ್ಯೆಯಲ್ಲಿ ಮೇಲ್ಮಣ್ಣು, ಬಂಡೆ, ಖನಿಜಗಳೂ ಸೇರಿವೆ. ತಿರುವಕ್ಕರೈಯ ಶಿಲಾಮರಗಳು, ಸಾತ್ತನೂರಿನ 18 ಮೀಟರು ಉದ್ದದ ಕಲ್ಲುಮರ, ಜೈಸಲ್ಮೇರಿನ ಬಳಿಯ ಅಕಲ್ ಇವು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಸಾರಿದ ತಾಣಗಳು. ಇಂತಹ ಸ್ಥಳಗಳಲ್ಲಿ ಕಣ್ಣಿನಿಂದ ನೋಡಬಹುದು, ಚಿತ್ರ ತೆಗೆಯಬಹುದು; ಕೈಯಲ್ಲಿ ತರುವಂತಿಲ್ಲ. ನೆಲದ ಮೇಲೆ ತಾನಾಗಿ ಬಿದ್ದಿತ್ತು, ನಾನು ಅಗೆಯಲಿಲ್ಲ ಎಂಬ ಸಮಾಧಾನ ಅಲ್ಲಿ ನಡೆಯದು.

ಅರಿಯಲೂರಿನಂತಹ ಸುಣ್ಣಗಲ್ಲಿನ ಗಣಿಗಳಲ್ಲಿ ಕೆಲಸದ ಭಾಗವಾಗಿಯೇ ಚಿಪ್ಪುಗಳು ಒಡೆದು ಸಿಮೆಂಟಿಗೆ ಹೋಗುತ್ತವೆಯೆಂಬುದು ನಿಜ, ಅದನ್ನು ನೋಡಿದ ಹವ್ಯಾಸಿಗೆ ಸಂಕಟವಾಗುವುದೂ ನಿಜ. ಆದರೂ ಗುತ್ತಿಗೆಯ ಪ್ರದೇಶದೊಳಕ್ಕೆ ಕಾಲಿಡಲು ಗುತ್ತಿಗೆದಾರನ ಲಿಖಿತ ಅನುಮತಿ ಬೇಕು, ತಂದದ್ದಕ್ಕೂ ಅವನ ಪತ್ರ ಬೇಕು. ಸ್ವಂತ ಹೊಲದಲ್ಲಿ ಬಾವಿ ತೋಡುವಾಗ ಸಿಕ್ಕಿದ್ದು ತನ್ನದೇ ಅಲ್ಲವೇ ಎಂದು ರೈತನು ಕೇಳುವುದು ಸಹಜ. ಭೂಮಿಯ ಒಡೆಯನಿಗೆ ಸಾಮಾನ್ಯವಾಗಿ ಅದರ ಒಡಲಿನ ಮೇಲೂ ಹಕ್ಕುಂಟು, ಶಾಸನಬದ್ಧವಾಗಿ ಅದನ್ನು ಕಳೆದುಕೊಂಡಿರದ ಪಕ್ಷದಲ್ಲಿ, ಎಂದು ಮಲಬಾರಿನ ಭೂಮಿಗಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಹೇಳಿತು. ಆದರೆ ನಮ್ಮಲ್ಲಿ ಕರ್ನಾಟಕ ಭೂಕಂದಾಯ ಕಾಯಿದೆ, 1964ರ 70ನೆಯ ಕಲಮು ಗಣಿ ಹಾಗೂ ಖನಿಜಗಳ ಹಕ್ಕನ್ನು, ಮಂಜೂರಾತಿಯಲ್ಲಿ ಬೇರೆ ರೀತಿ ಹೇಳಿರದಿದ್ದರೆ, ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಆದಕಾರಣ ಸ್ವಂತ ಜಮೀನಿನಲ್ಲಿ ಅಪೂರ್ವವಾದುದೇನಾದರೂ ಕಂಡರೆ, ಕಿತ್ತು ಮಾರುವ ಯೋಚನೆಯನ್ನು ಬಿಟ್ಟು ತಹಶೀಲ್ದಾರರಿಗೂ ಭೂವೈಜ್ಞಾನಿಕ ಸರ್ವೇಕ್ಷಣೆಯ ಬೆಂಗಳೂರು ಕಛೇರಿಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು ಕ್ಷೇಮ. ಕಿತ್ತ ಮೂಳೆ ಬರಿಯ ಮೂಳೆ. ಇದ್ದಲ್ಲೇ ಇದ್ದ ಮೂಳೆಯಾದರೋ ತನ್ನ ಮೇಲುಕೆಳಗಿನ ಪದರಗಳೊಡನೆ ಕಾಲವನ್ನೇ ಹೇಳುತ್ತದೆ.

ಇಷ್ಟನ್ನು ಮನಸ್ಸಿಗೆ ತಂದುಕೊಂಡವರಿಗೆ, ಸಂಗ್ರಾಹಕನ ನಿಜವಾದ ಹಕ್ಕುಪತ್ರ ಯಾವುದೆಂಬುದು ತಾನಾಗಿ ತಿಳಿಯುತ್ತದೆ. ಪ್ರತಿಯೊಂದು ಕಲ್ಲಿಗೂ ಒಂದು ಸಂಖ್ಯೆ. ಆ ಸಂಖ್ಯೆಗೆ ಎದುರಾಗಿ ದಪ್ಪ ಪುಸ್ತಕವೊಂದರಲ್ಲಿ ಊರು, ತಾಲ್ಲೂಕು, ನೆಲದ ಸರ್ವೆ ನಂಬರು ಅಥವಾ ಗಣಿಯ ಹೆಸರು, ಸಿಕ್ಕ ದಿನ, ಅನುಮತಿ ಕೊಟ್ಟವರು, ಕೊಂಡದ್ದಾದರೆ ರಸೀದಿ, ಉಡುಗೊರೆಯಾದರೆ ಕೊಟ್ಟವರ ಒಂದು ಸಾಲಿನ ಪತ್ರ. ಈ ಬರಹವು ವಿಜ್ಞಾನಕ್ಕೆ ಎಷ್ಟು ಬೇಕೋ ನ್ಯಾಯಕ್ಕೂ ಅಷ್ಟೇ ಬೇಕು. ನಮ್ಮ ದೇಶದ ಪ್ರಾಧ್ಯಾಪಕರೊಬ್ಬರು ಎರಡು ದಶಕಗಳಿಗೂ ಮೇಲ್ಪಟ್ಟು ಪರದೇಶದ ಪಳೆಯುಳಿಕೆಗಳನ್ನು ಹಿಮಾಲಯದವೆಂದು ಪ್ರಬಂಧಗಳಲ್ಲಿ ವರ್ಣಿಸುತ್ತ ಬಂದುದನ್ನು ಆಸ್ಟ್ರೇಲಿಯದ ಜಾನ್ ಟಾಲೆಂಟ್ ಎಂಬ ವಿದ್ವಾಂಸರು 1989ರಲ್ಲಿ ಬಯಲಿಗೆಳೆದಾಗ, ಒಂದಿಡೀ ಪರ್ವತಶ್ರೇಣಿಯ ಭೂಚರಿತ್ರೆಯ ಮೇಲೆಯೇ ಸಂಶಯದ ನೆರಳು ಬಿತ್ತು. ಕಲ್ಲುಗಳೇನೋ ಅಸಲಿಯೇ ಆಗಿದ್ದವು. ಸುಳ್ಳಾದದ್ದು ಅವುಗಳ ಊರು.

ಶುದ್ಧಿಯ ಮಾತು ಇಲ್ಲಿಂದಲೇ ಹೊರಡಬೇಕು. ತೊಳೆಯುವ ಮುನ್ನ ಕಲ್ಲನ್ನು ಎಲ್ಲ ಮಗ್ಗುಲಿನಿಂದಲೂ ಅಳತೆಪಟ್ಟಿಯೊಡನೆ ಚಿತ್ರ ತೆಗೆದಿಡಿ. ಅದರ ಮೈಗಂಟಿದ ಹಳೆಯ ಚೀಟಿ, ಶಾಯಿಯ ಅಂಕೆ, ಅಂಗಡಿಯ ಮುದ್ರೆ ಏನಿದ್ದರೂ ಅದು ಕೊಳೆಯಲ್ಲ, ದಾಖಲೆ. ಸುತ್ತಲಿನ ಆಧಾರಶಿಲೆಯನ್ನು ಪೂರ್ತಿಯಾಗಿ ಕೆತ್ತಿ ಚಿಪ್ಪನ್ನು ಮಾತ್ರ ಉಳಿಸುವ ಆಸೆ ಅನೇಕರಿಗಿರುತ್ತದೆ. ಆ ಶಿಲೆಯಲ್ಲಿಯೇ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಅವಶೇಷಗಳಿದ್ದು, ಚೀಟಿ ಕಳೆದುಹೋದಾಗಲೂ ಇದು ಯಾವ ಪದರದ್ದೆಂದು ತಜ್ಞರು ಅವುಗಳಿಂದಲೇ ಹೇಳಬಲ್ಲರಾದ್ದರಿಂದ, ಕೆತ್ತಿದ ಪುಡಿಯನ್ನಾದರೂ ಸಣ್ಣ ಪೊಟ್ಟಣದಲ್ಲಿ ಕಟ್ಟಿ ಅದೇ ಸಂಖ್ಯೆಯನ್ನು ಬರೆದಿಡಬೇಕು. ಸುಣ್ಣಗಲ್ಲಿನ ಚಿಪ್ಪಿಗೆ ನಿಂಬೆಹುಳಿ, ಹುಣಿಸೆಹುಳಿ, ವಿನೆಗರ್, ಕಕ್ಕಸು ತೊಳೆಯುವ ಆಮ್ಲ ಇವೊಂದೂ ಕೂಡದು. ಕಲ್ಲಿನೊಡನೆ ಚಿಪ್ಪೂ ಕರಗಿಹೋದೀತು. ಮೃದುವಾದ ಒಣಕುಂಚ, ಬಿದಿರುಕಡ್ಡಿ, ಹಲ್ಲಿನ ವೈದ್ಯರು ಬಳಸಿ ಬಿಟ್ಟ ಸೂಜಿ, ಗಟ್ಟಿಶಿಲೆಯಾದರೆ ಸ್ವಲ್ಪ ಶುದ್ಧ ನೀರು, ಇಷ್ಟೇ ಸಾಕು. ಜೇಡಿಮಣ್ಣಿನಲ್ಲಿ ಹುದುಗಿದ ಮೂಳೆಯನ್ನು ನೀರಿಗೆ ಹಾಕಿದರೆ ಜೇಡಿ ಉಬ್ಬಿ ಮೂಳೆ ಬಿರಿಯುತ್ತದೆ. ಬಿರುಕುಬಿಟ್ಟದ್ದನ್ನು ದಿಢೀರನೆ ಅಂಟುವ ಗೋಂದಿನಿಂದಲೂ ವಾರ್ನಿಷಿನಿಂದಲೂ ಭದ್ರಪಡಿಸುವುದು ತಪ್ಪು. ವಸ್ತುಸಂಗ್ರಹಾಲಯಗಳಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಹಚ್ಚುತ್ತಾರೆ, ಅದನ್ನು ಮುಂದೆ ಅಸಿಟೋನಿನಿಂದಲೇ ತೆಗೆಯಲೂ ಬಹುದು. ಅಸಿಟೋನು ಬೇಗ ಬೆಂಕಿ ಹತ್ತುವ ದ್ರವವಾದ್ದರಿಂದ ದೀಪ, ಒಲೆಗಳ ಹತ್ತಿರ ಆ ಕೆಲಸ ಬೇಡ. ಕೆತ್ತುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಶತ್ರುವಾದ್ದರಿಂದ ಮುಖಕ್ಕೆ ತಕ್ಕ ಮಾಸ್ಕು ಅವಶ್ಯ.

ಪೈರೈಟ್ ಎಂಬ ಹೊಂಬಣ್ಣದ ಖನಿಜ ತುಂಬಿದ ಪಳೆಯುಳಿಕೆಗಳಿಗೆ ವಿಶೇಷ ಗಮನ ಸಲ್ಲತಕ್ಕದ್ದು. ಗಾಳಿಯ ತೇವವು ಶೇಕಡಾ 60ನ್ನು ಮೀರಿ ಬಹುಕಾಲ ನಿಂತರೆ ಪೈರೈಟ್ ಗಾಳಿಯೊಡನೆ ಕೂಡಿ ಗಂಧಕಾಮ್ಲವನ್ನು ಹುಟ್ಟಿಸುತ್ತದೆ. ಕಲ್ಲಿನ ಮೈಮೇಲೆ ಬಿಳಿ ಹಳದಿಯ ಹುಡಿ ಕಾಣಿಸಿ, ಅದು ಒಳಗಿನಿಂದ ಸೀಳಿ, ಕೆಳಗಿಟ್ಟ ಚೀಟಿಯನ್ನೂ ಸುಟ್ಟುಬಿಡುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇದು ಸಾಮಾನ್ಯ ಅಪಾಯ. ಸಿಲಿಕಾ ಜೆಲ್ಲಿನ ಪೊಟ್ಟಣವಿಟ್ಟ ಬಿಗಿಮುಚ್ಚಳದ ಪೆಟ್ಟಿಗೆಯೇ ಇದಕ್ಕೆ ತಕ್ಕ ಮನೆ. ಹೊನ್ನಿನ ರೇಖೆಗಳಿರುವ ಸಾಲಿಗ್ರಾಮವನ್ನು ಅಭಿಷೇಕದ ಬಳಿಕ ವಸ್ತ್ರದಿಂದ ಚೆನ್ನಾಗಿ ಒರಸಿ, ಆರಿದ ಮೇಲೆಯೇ ಸಂಪುಟದಲ್ಲಿರಿಸುವ ಹಿರಿಯರ ಶಿಸ್ತು ಈ ದೃಷ್ಟಿಯಿಂದಲೂ ಶ್ಲಾಘ್ಯ. ಸಾಲಿಗ್ರಾಮದ ಮಾತು ಬಂದಲ್ಲಿ ಇನ್ನೊಂದನ್ನು ಹೇಳಬೇಕು: ಪಾಲುಪಾರೀಕತ್ತಿನಲ್ಲಿ ಅದನ್ನು ಪಾತ್ರೆಪಡಗಗಳಂತೆ ಬೆಲೆಕಟ್ಟಿ ಹಂಚುವುದು ಸಲ್ಲದು, ಮನೆದೇವರು ಬರಿಯ ಚರಸ್ವತ್ತಲ್ಲವೆಂದು ಪ್ರಿವಿ ಕೌನ್ಸಿಲು 1925ರಲ್ಲಿಯೇ ತೀರ್ಪಿತ್ತಿದೆ, ಸರದಿಯ ಪೂಜೆಯ ಏರ್ಪಾಡನ್ನು ನ್ಯಾಯಾಲಯಗಳು ಮನ್ನಿಸುತ್ತ ಬಂದಿವೆ.

ಪ್ರದರ್ಶನದ ಕಪಾಟಿನಲ್ಲಿ ಪಳೆಯುಳಿಕೆಯ ಪಕ್ಕಕ್ಕೆ ಅಂದಕ್ಕಾಗಿ ಹವಳವನ್ನೂ ಶಂಖಗಳನ್ನೂ ಇಡುವವರು ಅರಿಯತಕ್ಕದ್ದೇನೆಂದರೆ, ಬಂಡೆಹವಳಗಳು ವನ್ಯಜೀವಿ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿದವು. ಆ ಅನುಸೂಚಿಯ ಅಪರಾಧಗಳಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವುಂಟು. ಲಕ್ಷಾಂತರ ವರ್ಷ ಹಿಂದಿನ ಹವಳದ ಶಿಲೆಗೂ ಮೊನ್ನೆ ಕಡಲಿಂದ ಕಿತ್ತ ಹವಳಕ್ಕೂ ಇರುವ ಭೇದವು ಬರಿಗಣ್ಣಿಗೆ ಸುಲಭವಾಗಿ ತೋರದು. ಅಲ್ಲಿ ನಿಮ್ಮ ಪರವಾಗಿ ಮಾತಾಡುವುದು ಪುಸ್ತಕದ ಆ ಒಂದು ಸಾಲು, ಆ ಒಂದು ರಸೀದಿ.

ಕೊಳ್ಳುವವರಿಗೆ ಇನ್ನೊಂದು ರಕ್ಷಣೆಯುಂಟು. ರಾಳದಲ್ಲಿ ಎರಕಹೊಯ್ದ ಟ್ರೈಲೊಬೈಟ್‌ಗಳು, ಬೇರೆ ಬೇರೆ ಚೂರುಗಳನ್ನು ಕೂಡಿಸಿ ಮಾಡಿದ ದವಡೆಗಳು ಮಾರುಕಟ್ಟೆಯಲ್ಲಿ ಹೇರಳ. ಭೂತಗನ್ನಡಿಯಲ್ಲಿ ಗಾಳಿಗುಳ್ಳೆಗಳು ಕಂಡರೆ ಅದು ಎರಕವೆಂದು ಸಂದೇಹಿಸಬೇಕು. ಅಸಲಿಯೆಂದು ಹೇಳಿ ನಕಲಿಯನ್ನು ಕೊಟ್ಟವರ ಮೇಲೆ ಗ್ರಾಹಕ ಸಂರಕ್ಷಣಾ ಕಾಯಿದೆ, 2019ರಂತೆ, ಮಾರಾಟಗಾರನು ಯಾವ ಊರಿನವನಾದರೂ ಸರಿ, ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ಎರಡು ವರ್ಷದೊಳಗಾಗಿ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಹೊರದೇಶದಿಂದ ತರುವವರು ಆ ದೇಶದ ಕಾನೂನನ್ನು ಮೊದಲು ನೋಡಿಕೊಳ್ಳಬೇಕು. ಬ್ರೆಜಿಲಿನಲ್ಲಿ 1942ರ ಶಾಸನದಿಂದ ಪಳೆಯುಳಿಕೆಗಳೆಲ್ಲ ರಾಷ್ಟ್ರದ ಸ್ವತ್ತು. ಅಮೆರಿಕೆಯಲ್ಲಿ ನೆಲಸಿದ ನಮ್ಮವರು ಅಲ್ಲಿನ ಸಂಯುಕ್ತ ಸರ್ಕಾರದ ನೆಲದಲ್ಲಿ ಬೆನ್ನುಮೂಳೆಯುಳ್ಳ ಪ್ರಾಣಿಗಳ ಅವಶೇಷವನ್ನು ಪರವಾನಗಿಯಿಲ್ಲದೆ ಮುಟ್ಟುವಂತಿಲ್ಲವೆಂಬುದನ್ನು ಮರೆಯಬಾರದು. ಇಲ್ಲಿಂದ ಹೊರಗೆ ಕಳುಹಿಸುವ ಮುನ್ನ ಕಸ್ಟಮ್ಸ್ ಇಲಾಖೆಯಿಂದ ಲಿಖಿತ ಉತ್ತರ ಪಡೆಯುವುದೇ ಸುರಕ್ಷಿತ ಮಾರ್ಗ. ಅಲ್ಲಿ ವಸ್ತುವನ್ನು ತಡೆಹಿಡಿದರೂ, 1962ರ ಕಸ್ಟಮ್ಸ್ ಕಾಯಿದೆಯ 124ನೆಯ ಕಲಮಿನಂತೆ ಕಾರಣ ಕೇಳುವ ನೋಟೀಸು ಕೊಟ್ಟು ನಿಮ್ಮ ಮಾತನ್ನು ಕೇಳದೆ ಮುಟ್ಟುಗೋಲು ಹಾಕುವಂತಿಲ್ಲ. ಆಜ್ಞೆಯ ಮೇಲೆ 60 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ.

ಪೊಲೀಸರು ಮನೆಯನ್ನು ಶೋಧಿಸಲು ಬಂದರೆಂದು ಭಯಪಡಬೇಕಾಗಿಲ್ಲ, ಅಡ್ಡಿಪಡಿಸಲೂ ಬಾರದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರಂತೆ ಶೋಧನೆಯು ಸ್ಥಳದ ಪಂಚರ ಸಮಕ್ಷಮದಲ್ಲಿ ನಡೆಯತಕ್ಕದ್ದು, ಅದನ್ನು ವಿಡಿಯೋದಲ್ಲಿ ದಾಖಲಿಸತಕ್ಕದ್ದು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿಯನ್ನು ಮನೆಯವರಿಗೆ ಕೊಡತಕ್ಕದ್ದು. ಮಹಜರಿನಲ್ಲಿ ‘ಹಳೆಯ ಕಲ್ಲು 12’ ಎಂದು ಬರೆದರೆ ಒಪ್ಪಬೇಡಿ. ನಿಮ್ಮ ಪುಸ್ತಕದ ಸಂಖ್ಯೆಯನ್ನೂ ಅಳತೆಯನ್ನೂ ಸೇರಿಸಲು ವಿನಯದಿಂದ ಕೇಳಿ, ಸೇರಿಸದಿದ್ದರೆ ಆ ದಿನವೇ ಪತ್ರಮುಖೇನ ಠಾಣೆಗೆ ತಿಳಿಸಿ. ವಿಚಾರಣೆ ಮುಗಿಯುವವರೆಗೆ ವಸ್ತುವನ್ನು ತನ್ನ ಸುಪರ್ದಿಗೆ ಕೊಡಿಸಬೇಕೆಂದು ಮ್ಯಾಜಿಸ್ಟ್ರೇಟರನ್ನು ಪ್ರಾರ್ಥಿಸಲು ಬರುತ್ತದೆ. ತೇವದ ಮಾಲಖಾನೆಯಲ್ಲಿ ಪೈರೈಟಿನ ಗತಿಯೇನಾದೀತೆಂಬುದನ್ನು ಆ ಅರ್ಜಿಯಲ್ಲಿ ವಿವರಿಸುವುದು ಲೇಸು. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು, ವರಮಾನ ಕಡಿಮೆಯಿರುವವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು, ಸಹಾಯವಾಣಿ 15100.

ತಾನು ಹೋಗಬೇಕೆಂದಿರುವ ಗುಡ್ಡ ಮೀಸಲು ಅರಣ್ಯವೋ, ಗುತ್ತಿಗೆಯ ನೆಲವೋ ಎಂದು ಮೊದಲೇ ತಿಳಿಯಲು ಮಾಹಿತಿ ಹಕ್ಕಿನ ಕಾಯಿದೆಯ ಅರ್ಜಿಯೊಂದು 10 ರೂಪಾಯಿ ಶುಲ್ಕದಲ್ಲಿ ಸಾಧ್ಯ. ಉತ್ತರಕ್ಕೆ 30 ದಿನ, ತಪ್ಪಾದ ಕಛೇರಿಗೆ ಹೋದ ಅರ್ಜಿಯನ್ನು 5 ದಿನಗಳಲ್ಲಿ ಸರಿಯಾದ ಕಡೆಗೆ ವರ್ಗಾಯಿಸುವುದು ಆ ಕಛೇರಿಯದೇ ಹೊಣೆ. ಬಂದ ಉತ್ತರವನ್ನು ಸಂಗ್ರಹದ ಪುಸ್ತಕಕ್ಕೇ ಲಗತ್ತಿಸಿಡಿ. ಸಂಗ್ರಹವನ್ನು ಕಾಲೇಜಿಗೋ ವಸ್ತುಸಂಗ್ರಹಾಲಯಕ್ಕೋ ಕೊಡುವ ಇಚ್ಛೆಯಿದ್ದರೆ ದಾನಪತ್ರದಲ್ಲಿಯೂ, ಮಕ್ಕಳಿಗೆ ಬಿಡುವುದಾದರೆ ಉಯಿಲಿನಲ್ಲಿಯೂ, ಕಲ್ಲುಗಳೊಡನೆ ಈ ಪುಸ್ತಕವೂ ಚೀಟಿಗಳೂ ಸೇರಿಯೇ ಹೋಗತಕ್ಕದ್ದೆಂದು ಸ್ಪಷ್ಟವಾಗಿ ಬರೆಸುವುದು ಅವಶ್ಯ. ಪುಸ್ತಕದ ಒಂದು ನಕಲನ್ನು ಬೇರೆ ಮನೆಯಲ್ಲಿಟ್ಟರೆ ಇನ್ನೂ ಒಳ್ಳೆಯದು.