ಪ್ರಿಂಟ್ ಬರದಿದ್ದಾಗ ಎಲ್ಲಿಂದ ಹುಡುಕಬೇಕು?

ಅಕೌಂಟೆನ್ಸಿ ಓದುವ ನಮಗೆಲ್ಲ ತಾಳೆ ಪಟ್ಟಿ ಗೊತ್ತು. ಡೆಬಿಟ್ ಮತ್ತು ಕ್ರೆಡಿಟ್ ಮೊತ್ತ ಹೊಂದದಿದ್ದರೆ ಯಾರೂ ಇಡೀ ಲೆಡ್ಜರನ್ನು ಹರಿದು ಹೊಸದಾಗಿ ಬರೆಯುವುದಿಲ್ಲ. ಮೊದಲು ಕೂಡಿಸಿದ್ದು ಸರಿಯೇ ಎಂದು ನೋಡುತ್ತೇವೆ. ವ್ಯತ್ಯಾಸದ ಅರ್ಧದಷ್ಟು ಮೊತ್ತ ತಪ್ಪು ಬದಿಗೆ ಹೋಗಿದೆಯೇ ಎಂದು ನೋಡುತ್ತೇವೆ. ವ್ಯತ್ಯಾಸ 9ರಿಂದ ಭಾಗವಾಗುವುದಾದರೆ 54ರ ಬದಲು 45 ಬರೆದಂಥ ತಪ್ಪು ಎಲ್ಲಿದೆ ಎಂದು ಹುಡುಕುತ್ತೇವೆ. ಒಂದೊಂದು ಪರೀಕ್ಷೆಗೂ ಹುಡುಕುವ ಜಾಗ ಚಿಕ್ಕದಾಗುತ್ತಾ ಹೋಗುತ್ತದೆ.

ಹಲವು ಕಂಪ್ಯೂಟರ್‌ಗಳಿಗೆ ಒಂದೇ ಪ್ರಿಂಟರ್ ಇರುವ ಕಡೆ ಪ್ರಿಂಟ್ ನಿಂತುಹೋದಾಗಲೂ ಹೀಗೆಯೇ ಮಾಡಬೇಕು. ಆದರೆ ಸಾಮಾನ್ಯವಾಗಿ ಒಬ್ಬರು ಕೇಬಲ್ ಕೀಳುತ್ತಾರೆ, ಇನ್ನೊಬ್ಬರು ಡ್ರೈವರ್ ಅಳಿಸುತ್ತಾರೆ, ಮತ್ತೊಬ್ಬರು ಪ್ರಿಂಟ್ ಬಟನ್ನನ್ನು ಹತ್ತು ಸಲ ಒತ್ತುತ್ತಾರೆ. ಕೊನೆಗೆ ಮೊದಲು ಕೆಟ್ಟಿದ್ದು ಯಾವುದು, ಈಗ ಹೊಸದಾಗಿ ಕೆಟ್ಟಿದ್ದು ಯಾವುದು ಎಂಬುದೇ ತಿಳಿಯುವುದಿಲ್ಲ. ಹರಿಹರದಲ್ಲಿ ನಮ್ಮ ಖಾಲೂ ಅವರಿಗೆ ಒಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಕಾಲೇಜು ಮುಗಿದ ಮೇಲೆ ವಾರದಲ್ಲಿ ಮೂರು ದಿನ ನಾನು ಅಲ್ಲಿರುತ್ತೇನೆ. ಅಲ್ಲಿ ಉಪಯೋಗಕ್ಕೆ ಬಂದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ವಿಂಡೋಸ್ ಇರುವ ಮನೆ, ಅಂಗಡಿ, ಆಫೀಸು ಎಲ್ಲ ಕಡೆಗೂ ಇದು ಹೊಂದುತ್ತದೆ.

ಎರಡು ಬಗೆಯ ಜೋಡಣೆ

ಪ್ರಿಂಟರನ್ನು ಹಂಚಿಕೊಳ್ಳಲು ಎರಡು ದಾರಿಗಳಿವೆ. ಒಂದರಲ್ಲಿ ಪ್ರಿಂಟರ್ ಯುಎಸ್‌ಬಿ ಕೇಬಲ್ ಮೂಲಕ ಒಂದು ಕಂಪ್ಯೂಟರ್‌ಗೆ ಸೇರಿರುತ್ತದೆ. ಆ ಕಂಪ್ಯೂಟರ್ ಉಳಿದವುಗಳಿಗೆ ಅದನ್ನು ಹಂಚುತ್ತದೆ. ಇದನ್ನು ಹೋಸ್ಟ್ ಎನ್ನುತ್ತಾರೆ. ಹೋಸ್ಟ್ ಆಫ್ ಆದರೆ ಅಥವಾ ಸ್ಲೀಪ್‌ಗೆ ಹೋದರೆ ಯಾರಿಗೂ ಪ್ರಿಂಟ್ ಬರುವುದಿಲ್ಲ. ಇನ್ನೊಂದರಲ್ಲಿ ಪ್ರಿಂಟರ್ ತಾನೇ ವೈಫೈ ಅಥವಾ ನೆಟ್‌ವರ್ಕ್ ಕೇಬಲ್ ಮೂಲಕ ರೌಟರ್‌ಗೆ ಸೇರಿರುತ್ತದೆ, ಅದಕ್ಕೆ ಸ್ವಂತ ಐಪಿ ವಿಳಾಸ ಇರುತ್ತದೆ. ನಿಮ್ಮಲ್ಲಿರುವುದು ಯಾವ ಬಗೆ ಎಂದು ಮೊದಲೇ ತಿಳಿದುಕೊಳ್ಳಿ.

ಪ್ರಿಂಟರ್‌ನಿಂದ ಶುರುಮಾಡಿ

ನಾವು ಸಾಮಾನ್ಯವಾಗಿ ನಮ್ಮ ಮುಂದಿರುವ ಕಂಪ್ಯೂಟರ್‌ನಿಂದ ಹುಡುಕಲು ಶುರುಮಾಡುತ್ತೇವೆ. ಅದರ ಬದಲು ಇನ್ನೊಂದು ತುದಿಯಲ್ಲಿರುವ ಪ್ರಿಂಟರ್‌ನಿಂದ ಹೊರಟು ನಮ್ಮ ಕಡೆಗೆ ಬರಬೇಕು.

1. ಪ್ರಿಂಟರ್: ಹೆಚ್ಚಿನ ಪ್ರಿಂಟರ್‌ಗಳಲ್ಲಿ ಬಟನ್ ಒತ್ತಿದರೆ ಪರೀಕ್ಷಾ ಹಾಳೆ ತಾನಾಗಿ ಬರುವ ವ್ಯವಸ್ಥೆ ಇದೆ. ಆ ಹಾಳೆ ಸರಿಯಾಗಿ ಬಂದರೆ ಕಾಗದ, ಟೋನರ್, ರೋಲರ್ ಸರಿ ಇವೆ ಎಂದರ್ಥ. ಬರದಿದ್ದರೆ ಕಂಪ್ಯೂಟರ್ ಮುಟ್ಟುವ ಅಗತ್ಯವೇ ಇಲ್ಲ.

2. ಹೋಸ್ಟ್: ಹೋಸ್ಟ್ ಕಂಪ್ಯೂಟರ್‌ನಿಂದಲೇ ಒಂದು ಟೆಸ್ಟ್ ಪೇಜ್ ಕೊಡಿ. ಅದು ಬಂದರೆ ಯುಎಸ್‌ಬಿ ಕೇಬಲ್ ಮತ್ತು ಹೋಸ್ಟ್‌ನ ಡ್ರೈವರ್ ಎರಡೂ ಸರಿ. ಬರದಿದ್ದರೆ ಪ್ರಿಂಟರ್ ಕ್ಯೂ ತೆರೆದು 'ಪಾಸ್' ಅಥವಾ 'ಆಫ್‌ಲೈನ್' ಆಗಿದೆಯೇ ನೋಡಿ.

3. ಕ್ಯೂ: ನಾವು ಕಳಿಸಿದ ಕಡತ ನೇರವಾಗಿ ಪ್ರಿಂಟರ್‌ಗೆ ಹೋಗುವುದಿಲ್ಲ. ಪ್ರಿಂಟ್ ಸ್ಪೂಲರ್ ಎಂಬ ಸೇವೆ ಅದನ್ನು ಹಾರ್ಡ್ ಡಿಸ್ಕ್‌ನಲ್ಲಿ ಸಾಲಾಗಿ ಇಟ್ಟುಕೊಂಡು ಒಂದೊಂದಾಗಿ ಕಳಿಸುತ್ತದೆ. ಮುಂದಿನದು ಸಿಕ್ಕಿಕೊಂಡರೆ ಹಿಂದಿನವೆಲ್ಲ ನಿಲ್ಲುತ್ತವೆ. ಸಿಕ್ಕಿಕೊಂಡದ್ದನ್ನು ಮಾತ್ರ ಅಳಿಸಲು ಪ್ರಯತ್ನಿಸಿ. ಹೋಗದಿದ್ದರೆ ಹೋಸ್ಟ್‌ನಲ್ಲಿ 'ಸರ್ವಿಸಸ್' ತೆರೆದು ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32 ಒಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್‌ನಲ್ಲಿರುವ ಕಡತಗಳನ್ನು ಅಳಿಸಿ, ಸ್ಪೂಲರನ್ನು ಮತ್ತೆ ಶುರುಮಾಡಿ. ಫೋಲ್ಡರನ್ನೇ ಅಳಿಸಬಾರದು. ಹೀಗೆ ಮಾಡಿದರೆ ಎಲ್ಲರ ಕೆಲಸವೂ ಅಳಿಯುತ್ತದೆ, ಆದ್ದರಿಂದ ಉಳಿದವರಿಗೆ ಮೊದಲೇ ಹೇಳಿ.

4. ನೆಟ್‌ವರ್ಕ್: ಹೋಸ್ಟ್‌ನಲ್ಲಿ ಬಂದು ನಿಮ್ಮ ಕಂಪ್ಯೂಟರ್‌ನಲ್ಲಿ ಬರದಿದ್ದರೆ ದೋಷ ಇವೆರಡರ ನಡುವೆ ಇದೆ. ಎರಡೂ ಕಡೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಐಪಿಕಾನ್ಫಿಗ್' ಆದೇಶ ಕೊಟ್ಟು ವಿಳಾಸ ನೋಡಿ. ಒಂದು 192.168.1.5, ಇನ್ನೊಂದು 192.168.1.8 ಎಂದಿದ್ದರೆ ಸಾಮಾನ್ಯವಾಗಿ ಎರಡೂ ಒಂದೇ ನೆಟ್‌ವರ್ಕ್‌ನಲ್ಲಿವೆ. 169.254 ಎಂದು ಶುರುವಾದರೆ ರೌಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. ಲ್ಯಾಪ್‌ಟಾಪ್ ಯಾರದೋ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿದ್ದರೆ ಇಂಟರ್‌ನೆಟ್ ಬರುತ್ತದೆ, ಪ್ರಿಂಟ್ ಮಾತ್ರ ಬರುವುದಿಲ್ಲ. ಇದು ತುಂಬ ಸಲ ಆಗುತ್ತದೆ.

5. ಅನುಮತಿ: ಹೋಸ್ಟ್‌ನಲ್ಲಿ ನೆಟ್‌ವರ್ಕ್ 'ಪ್ರೈವೇಟ್' ಎಂದಿರಬೇಕು, 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಆನ್ ಇರಬೇಕು. 'ಪಬ್ಲಿಕ್' ಎಂದಿದ್ದರೆ ವಿಂಡೋಸ್ ಅದನ್ನು ಬಸ್ ಸ್ಟ್ಯಾಂಡ್ ವೈಫೈಯಂತೆ ತಿಳಿದು ಬಾಗಿಲು ಹಾಕಿಕೊಳ್ಳುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ

ಒಂದು ಸಂಜೆ ಖಾಲೂ ಅವರ ಅಂಗಡಿಯಲ್ಲಿ ನಡೆದದ್ದನ್ನು ಉದಾಹರಣೆಯಾಗಿ ಹೇಳುತ್ತೇನೆ. ಅಂದು ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ. ಎಂಟು-ಹತ್ತು ಜನ ಸಾಲಿನಲ್ಲಿದ್ದರು. ಒಬ್ಬ ತಾಯಿ ಮಗಳ ಜೊತೆ ಹಳ್ಳಿಯಿಂದ ಬಂದಿದ್ದರು, ಅವರಿಗೆ ವಾಪಸು ಹೋಗಲು ಬಸ್ಸಿನ ಹೊತ್ತಾಗಿತ್ತು. ಕರೆಂಟ್ ಹೋಗಿ ಬಂದಿತು. ಆಮೇಲೆ ಮೂರು ಕಂಪ್ಯೂಟರ್‌ಗಳಲ್ಲಿ ಎರಡರಿಂದ ಪ್ರಿಂಟ್ ನಿಂತಿತು. ಪ್ರಿಂಟರ್ ಸುಟ್ಟಿರಬೇಕು, ನಾಳೆ ದಾವಣಗೆರೆಯಿಂದ ರಿಪೇರಿಯವರನ್ನು ಕರೆಸೋಣ ಎಂಬ ಮಾತು ಬಂತು.

ಆದರೆ ಮೂರನೆಯದು, ಅಂದರೆ ಹೋಸ್ಟ್, ಪ್ರಿಂಟ್ ಕೊಡುತ್ತಿತ್ತು. ಈ ಒಂದೇ ಸಂಗತಿಯಿಂದ ಪ್ರಿಂಟರ್, ಟೋನರ್, ಕೇಬಲ್, ಸ್ಪೂಲರ್ ನಾಲ್ಕನ್ನೂ ಪಟ್ಟಿಯಿಂದ ಹೊಡೆದು ಹಾಕಬಹುದಿತ್ತು. ಉಳಿದದ್ದು ನೆಟ್‌ವರ್ಕ್. ನೋಡಿದರೆ ಹೋಸ್ಟ್‌ನ ವಿಳಾಸ ಬದಲಾಗಿತ್ತು. ರೌಟರ್ ಮತ್ತೆ ಆನ್ ಆದಾಗ ಕಂಪ್ಯೂಟರ್‌ಗಳಿಗೆ ಹೊಸದಾಗಿ ವಿಳಾಸ ಹಂಚಿತ್ತು. ಉಳಿದ ಎರಡರಲ್ಲಿ ಪ್ರಿಂಟರನ್ನು ಹೋಸ್ಟ್‌ನ ಹೆಸರಿನಿಂದ ಜೋಡಿಸದೆ ಹಳೆಯ ವಿಳಾಸದಿಂದ ಜೋಡಿಸಲಾಗಿತ್ತು. ಮನೆ ಬದಲಿಸಿದವರಿಗೆ ಹಳೆಯ ವಿಳಾಸಕ್ಕೆ ಕಾಗದ ಹಾಕಿದ ಹಾಗೆ. ಹೆಸರಿನಿಂದ ಮತ್ತೆ ಜೋಡಿಸಿದೆವು. ಹದಿನೈದು ನಿಮಿಷದಲ್ಲಿ ಸಾಲು ಮುಂದುವರಿಯಿತು, ಆ ತಾಯಿಗೆ ಬಸ್ಸೂ ಸಿಕ್ಕಿತು. ಮರುದಿನ ರೌಟರ್‌ನಲ್ಲಿ ಹೋಸ್ಟ್‌ಗೆ ಒಂದು ವಿಳಾಸವನ್ನು ಕಾಯಂ ಮಾಡಿಸಿದೆವು. ಸ್ವಂತ ವಿಳಾಸವಿರುವ ವೈಫೈ ಪ್ರಿಂಟರ್‌ಗೂ ಹೀಗೆ ಮಾಡಿಸುವುದು ಒಳ್ಳೆಯದು.

11ಬಿ ಎಂಬ ದೋಷ

ಕೆಲವು ಸಲ ಪ್ರಿಂಟರ್ ಜೋಡಿಸುವಾಗ ಕೊನೆಯಲ್ಲಿ 11ಬಿ ಎಂದಿರುವ ಉದ್ದನೆಯ ದೋಷ ಸಂಖ್ಯೆ ಬರುತ್ತದೆ. ಇದಕ್ಕೊಂದು ಹಿನ್ನೆಲೆ ಇದೆ. 2021ರಲ್ಲಿ ವಿಂಡೋಸ್‌ನ ಪ್ರಿಂಟ್ ವ್ಯವಸ್ಥೆಯಲ್ಲಿ ಹಲವು ಭದ್ರತಾ ದೋಷಗಳು ಬೆಳಕಿಗೆ ಬಂದವು. ಅವುಗಳಲ್ಲಿ 'ಪ್ರಿಂಟ್‌ನೈಟ್‌ಮೇರ್' ಎಂಬುದು ಹೆಚ್ಚು ಸುದ್ದಿಯಾಯಿತು. ಮೈಕ್ರೋಸಾಫ್ಟ್ ಒಂದಾದ ಮೇಲೊಂದು ಅಪ್‌ಡೇಟ್ ಕೊಟ್ಟು ನಿಯಮ ಬಿಗಿ ಮಾಡಿತು. 2021ರ ಸೆಪ್ಟೆಂಬರ್ ಅಪ್‌ಡೇಟ್ ನಂತರ, ಒಂದು ಕಂಪ್ಯೂಟರ್ ಹೊಸ ನಿಯಮ ಪಾಲಿಸಿ ಇನ್ನೊಂದು ಹಳೆಯದರಲ್ಲೇ ಉಳಿದ ಅನೇಕ ಕಡೆ ಹಂಚಿಕೊಂಡ ಪ್ರಿಂಟರ್‌ಗಳು ಈ ಸಂಖ್ಯೆ ತೋರಿಸಿ ನಿಂತವು.

ಇದಕ್ಕೆ ರಿಜಿಸ್ಟ್ರಿಯಲ್ಲಿ ಒಂದು ಬೆಲೆಯನ್ನು ಸೊನ್ನೆ ಮಾಡಿ ಎಂದು ಸಲಹೆ ಕೊಡುವವರಿದ್ದಾರೆ. ಪ್ರಿಂಟ್ ಬರುತ್ತದೆ, ಆದರೆ ಅಪ್‌ಡೇಟ್ ಕೊಟ್ಟ ರಕ್ಷಣೆ ಹೋಗುತ್ತದೆ. ಫೈರ್‌ವಾಲ್ ಪೂರ್ತಿ ಆಫ್ ಮಾಡುವುದೂ ಇಂಥದ್ದೇ. ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟ್‌ಗೆ ಹಾಕಿದರೆ ತಾಳೆ ಪಟ್ಟಿ ಹೊಂದುತ್ತದೆ, ತಪ್ಪು ಮಾತ್ರ ಒಳಗೇ ಇರುತ್ತದೆ. ಸರಿಯಾದ ದಾರಿ ಎಂದರೆ ಎರಡೂ ಕಂಪ್ಯೂಟರ್‌ಗಳನ್ನು ಅಪ್‌ಡೇಟ್ ಮಾಡುವುದು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ. ಅಂಥ ಹಳೆಯ ಕಂಪ್ಯೂಟರನ್ನು ಹೋಸ್ಟ್ ಮಾಡಬಾರದು.

ನುಡಿ, ಇನ್‌ಪೇಜ್ ಮತ್ತು ಪೆನ್‌ಡ್ರೈವ್

ಪ್ರಿಂಟರ್ ಹಂಚಿಕೆ ಕೈಕೊಟ್ಟಾಗ ಎಲ್ಲರೂ ಪೆನ್‌ಡ್ರೈವ್ ಹಿಡಿಯುತ್ತಾರೆ. ಇಂಗ್ಲಿಷ್ ಕಡತವಾದರೆ ಬಹಳ ಸಲ ನಡೆಯುತ್ತದೆ. ಆದರೆ ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಇನ್‌ಪೇಜ್‌ನಲ್ಲಿ ಮಾಡಿದ ಉರ್ದು ಕಡತವಂತೂ ಇನ್‌ಪೇಜ್ ಇಲ್ಲದೆ ತೆರೆಯುವುದೇ ಇಲ್ಲ. ಹಂಚಿಕೊಂಡ ಪ್ರಿಂಟರ್‌ನಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ವಿಂಡೋಸ್‌ನ ಸಾಮಾನ್ಯ ವ್ಯವಸ್ಥೆಯಲ್ಲಿ ಪುಟವನ್ನು ಸಿದ್ಧಪಡಿಸುವುದು ಕಳಿಸುವ ಕಂಪ್ಯೂಟರೇ. ಪೆನ್‌ಡ್ರೈವ್ ಬಳಸಲೇಬೇಕಾದರೆ ಮೊದಲು ಪಿಡಿಎಫ್ ಮಾಡಿಕೊಳ್ಳಿ.

ಕ್ಯೂನಲ್ಲಿ ಉಳಿದದ್ದು ಯಾರದು?

ಪ್ರಿಂಟ್ ಬಾರದೆ ಜನ ಎದ್ದುಹೋದರೂ ಅವರ ಕಡತ ಕ್ಯೂನಲ್ಲಿ ಉಳಿದಿರುತ್ತದೆ. ಪ್ರಿಂಟರ್ ಸರಿಯಾದ ಕ್ಷಣ ಅದು ಹೊರಗೆ ಬರುತ್ತದೆ. ಯಾರದೋ ಆಧಾರ್, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣಪತ್ರ ಯಾರದೋ ಕೈಗೆ ಸಿಗುತ್ತದೆ. ಕೆಲವು ಅಂಗಡಿಗಳಲ್ಲಿ ಅಂಥ ಹಾಳೆಗಳ ಹಿಂಬದಿ ಲೆಕ್ಕ ಬರೆಯಲು ಬಳಕೆಯಾಗುವುದೂ ಉಂಟು. ಆದ್ದರಿಂದ ದುರಸ್ತಿಯ ಕೊನೆಯ ಹೆಜ್ಜೆ ಎಂದರೆ ಕ್ಯೂ ತೆರೆದು ನೋಡುವುದು, ವಾರಸುದಾರರಿಲ್ಲದ ಕೆಲಸ ಅಳಿಸುವುದು, ಹೆಚ್ಚಾಗಿ ಬಂದ ಹಾಳೆ ಹರಿದು ಹಾಕುವುದು.

ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದರೆ ಕೆಲಸದಿಂದ ತಡೆದು ನಿಲ್ಲಿಸುವುದು. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕ್ಯೂನಲ್ಲಿ ನಿಂತಿರುವ ಕಡತಕ್ಕೆ ಎರಡು ಅರ್ಥವೂ ಸಲ್ಲುತ್ತದೆ ಎಂದು ನನಗೆ ಅನ್ನಿಸುತ್ತದೆ.

ನಮ್ಮಲ್ಲಿ ಅನೇಕರು ಮುಂದೆ ಆಡಿಟರ್ ಆಫೀಸು, ಬ್ಯಾಂಕು, ಅಂಗಡಿಗಳಲ್ಲಿ ಕೆಲಸ ಮಾಡುವವರು. ಅಲ್ಲೆಲ್ಲ ಹತ್ತು ಜನಕ್ಕೆ ಒಂದು ಪ್ರಿಂಟರ್ ಇರುತ್ತದೆ. ಪ್ರಿಂಟರ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿ. ಹೋಸ್ಟ್‌ನ ಹೆಸರು, ಐಪಿ ವಿಳಾಸ, ಮೇಲಿನ ಐದು ಪರೀಕ್ಷೆಗಳು, ಕೊನೆಯ ಸಲ ಏನು ಕೆಟ್ಟಿತ್ತು ಮತ್ತು ಹೇಗೆ ಸರಿಹೋಯಿತು ಎಂಬುದನ್ನು ತಾರೀಖು ಸಹಿತ ಅದರಲ್ಲಿ ಬರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲ ಟೆಸ್ಟ್ ಪೇಜ್ ಕೊಟ್ಟು ನೋಡಿ. ಆಗ ನೀವು ರಜೆಯಲ್ಲಿದ್ದರೂ ಸಾಲಿನಲ್ಲಿ ನಿಂತವರ ಕೆಲಸ ನಿಲ್ಲುವುದಿಲ್ಲ.