ಅಳಿಸುವ ಮೊದಲು

ಡಿಪ್ಲೊಮಾ ಮುಗಿಸಿ ನಮ್ಮ ಆಫೀಸಿಗೆ ಬರುವ ಹುಡುಗ ಹುಡುಗಿಯರಿಗೆ ಆಟೋಕ್ಯಾಡ್‌ನಲ್ಲಿ ಗೆರೆ ಎಳೆಯುವುದು ಚೆನ್ನಾಗಿಯೇ ಬಂದಿರುತ್ತದೆ. 30x40 ಸೈಟಿಗೆ ಒಂದು ಪ್ಲ್ಯಾನ್ ಹಾಕಿ ಎಂದರೆ ಸಂಜೆಯೊಳಗೆ ಹಾಕಿ ಕೊಡುತ್ತಾರೆ. ಪರೀಕ್ಷೆ ಶುರುವಾಗುವುದು ಮಾರನೆಯ ದಿನ. ಮನೆ ಕಟ್ಟಿಸುವವರು ಜೋಯಿಸರನ್ನು ಕಂಡು ಬಂದು, "ಆಯ ಕೂಡ್ತಿಲ್ಲವಂತೆ ಮೇಡಂ, ಅಡುಗೆಮನೆ ಇನ್ನೊಂಬತ್ತು ಇಂಚು ಅಗಲ ಬೇಕಂತೆ" ಎನ್ನುತ್ತಾರೆ. ಹೊಸಬರ ಕೈ ಆಗ ನೇರ ಡಿಲೀಟ್ ಕೀಲಿಗೆ ಹೋಗುತ್ತದೆ. ಗೋಡೆ ಅಳಿಸು, ಮತ್ತೆ ಎಳೆ, ಬಾಗಿಲು ಮತ್ತೆ ಕೂರಿಸು, ಅಳತೆ ಮತ್ತೆ ಹಾಕು.

ನಾನು ಕೆಲಸ ಕಲಿತದ್ದು ಡ್ರಾಯಿಂಗ್ ಬೋರ್ಡಿನ ಮೇಲೆ. ಟ್ರೇಸಿಂಗ್ ಹಾಳೆಯಲ್ಲಿ ಬಿದ್ದ ಇಂಕಿನ ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕಿತ್ತು. ಅದೇ ಜಾಗವನ್ನು ಮತ್ತೆ ಮತ್ತೆ ಕೆರೆದರೆ ಹಾಳೆಯೇ ತೂತು. ಹಾಗಾಗಿ ಎಷ್ಟು ಕಮ್ಮಿ ಕೆರೆದರೆ ಕೆಲಸ ಆದೀತು ಎಂದು ಮೊದಲು ಕೂತು ನೋಡುತ್ತಿದ್ದೆವು. 1982ರ ಕೊನೆಗೆ ಮಾರುಕಟ್ಟೆಗೆ ಬಂದ ಆಟೋಕ್ಯಾಡ್ ನಮ್ಮಂಥ ಊರಿನ ಆಫೀಸಿಗೂ ಕಾಲಿಟ್ಟ ಮೇಲೆ ಬ್ಲೇಡು ಹೋಯಿತು. ಆ ನೋಡುವ ಅಭ್ಯಾಸ ಮಾತ್ರ ನನಗೆ ಇವತ್ತಿಗೂ ಅನ್ನ ಹಾಕುತ್ತಿದೆ.

ಅಡುಗೆಮನೆಯ ಆ ಒಂಬತ್ತು ಇಂಚಿಗೆ ಬೇಕಾದ ಕಮಾಂಡ್ ಸ್ಟ್ರೆಚ್. 'ಎಸ್' ಒತ್ತಿ ಸ್ಪೇಸ್ ಬಾರ್ ತಟ್ಟಿ, ಸರಿಯಬೇಕಾದ ಗೋಡೆಯ ಸುತ್ತ ಬಲದಿಂದ ಎಡಕ್ಕೆ ಪೆಟ್ಟಿಗೆ ಎಳೆಯಬೇಕು. ಎಡದಿಂದ ಬಲಕ್ಕೆ ಎಳೆದರೆ ಪೂರ್ತಿ ಒಳಗಿರುವ ಗೆರೆಗಳಷ್ಟೇ ಸಿಗುತ್ತವೆ. ಬಲದಿಂದ ಎಡಕ್ಕೆ ಎಳೆದಾಗ ಪೆಟ್ಟಿಗೆಗೆ ತಗುಲಿದ್ದೆಲ್ಲ ಸಿಗುತ್ತದೆ. ಪೂರ್ತಿ ಒಳಗಿರುವುದು ಹಾಗೇ ಸರಿಯುತ್ತದೆ, ಒಂದು ತುದಿಯಷ್ಟೇ ಒಳಗಿರುವ ಗೆರೆ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಎಫ್8 ಒತ್ತಿ ಆರ್ಥೋ ಹಾಕಿಕೊಂಡು, ಎಲ್ಲಾದರೂ ಒಂದು ಬಿಂದು ಕ್ಲಿಕ್ ಮಾಡಿ, ಮೌಸನ್ನು ಸರಿಸಬೇಕಾದ ದಿಕ್ಕಿಗೆ ಹಿಡಿದು 9 ಎಂದು ಟೈಪ್ ಮಾಡಿದರೆ ಮುಗಿಯಿತು. ಗೋಡೆ, ಅದರಲ್ಲಿದ್ದ ಬಾಗಿಲು, ಅತ್ತಿತ್ತಲ ಅಳತೆ ಎಲ್ಲವೂ ಒಟ್ಟಿಗೆ ಬರುತ್ತವೆ. ಅಡುಗೆಮನೆ ಪಡೆದಷ್ಟನ್ನು ಪಕ್ಕದ ಡೈನಿಂಗ್ ಕಳೆದುಕೊಳ್ಳುತ್ತದೆ. ಅದರ ಆಯದ ಲೆಕ್ಕ ನಾಳೆ ಬರುತ್ತದೆ ಅನ್ನುವುದು ಬೇರೆ ಮಾತು.

ಸ್ಟ್ರೆಚ್ ಮಾಡುವಾಗ ನಾನು ಎರಡು ವಿಷಯ ನೋಡಿಯೇ ಮುಂದುವರಿಯುತ್ತೇನೆ. ಆಫ್ ಮಾಡಿಟ್ಟ ಲೇಯರ್‌ನಲ್ಲಿರುವುದು ಪೆಟ್ಟಿಗೆಗೆ ಸಿಗುವುದಿಲ್ಲ. ಎಲೆಕ್ಟ್ರಿಕಲ್ ಲೇಯರ್ ಆರಿಸಿಟ್ಟು ಗೋಡೆ ಸರಿಸಿದರೆ ಸ್ವಿಚ್ ಬೋರ್ಡು ಹಳೆಯ ಜಾಗದಲ್ಲೇ, ಈಗ ಖಾಲಿ ನೆಲದ ನಡುವೆ ನಿಂತಿರುತ್ತದೆ. ಇನ್ನೊಂದು, ಅಳತೆಯ ಅಂಕಿ. ಸಾಫ್ಟ್‌ವೇರ್ ತಾನಾಗಿ ತೋರಿಸುವ ಅಂಕಿ ಗೋಡೆಯ ಜೊತೆಗೇ ಬದಲಾಗುತ್ತದೆ. ಯಾರೋ ಅವಸರಕ್ಕೆ ಅದನ್ನು ಅಳಿಸಿ ಕೈಯಾರೆ 10'-0" ಎಂದು ಟೈಪ್ ಮಾಡಿದ್ದರೆ, ಗೋಡೆ ಎಲ್ಲಿಗೆ ಹೋದರೂ ಅದು 10'-0" ಎಂದೇ ಹೇಳುತ್ತಿರುತ್ತದೆ. ಸೈಟಿನಲ್ಲಿ ಮೇಸ್ತ್ರಿ ನಂಬುವುದು ಆ ಅಂಕಿಯನ್ನೇ.

ಮೂಲೆ ಕೂಡಿಸುವುದಕ್ಕೆ ಫಿಲೆಟ್‌ನಷ್ಟು ನನ್ನ ಕೈಹಿಡಿದ ಕಮಾಂಡ್ ಇನ್ನೊಂದಿಲ್ಲ. ಮೂಲೆಯನ್ನು ದುಂಡಗೆ ಮಾಡಲು ಮಾತ್ರ ಅದು ಎಂದು ಹೊಸಬರು ತಿಳಿದಿರುತ್ತಾರೆ. ಎರಡು ಗೆರೆಗಳು ಕೂಡದೆ ದೂರ ನಿಂತಿರಲಿ, ಒಂದನ್ನೊಂದು ದಾಟಿ ಹೋಗಿರಲಿ, 'ಎಫ್' ಒತ್ತಿ ಒಂದನ್ನು ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಇನ್ನೊಂದನ್ನು ಕ್ಲಿಕ್ ಮಾಡಿ. ರೇಡಿಯಸ್ ಎಷ್ಟೇ ಇದ್ದರೂ ಚೂಪಾದ ಮೂಲೆ ಕೂಡುತ್ತದೆ. ಉಳಿಯಬೇಕಾದ ಭಾಗದ ಮೇಲೇ ಕ್ಲಿಕ್ ಮಾಡುವುದನ್ನು ಮಾತ್ರ ಮರೆಯಬಾರದು. ಹೊರಗೋಡೆಯ ಗೆರೆಯನ್ನು ಒಂಬತ್ತು ಇಂಚು ಒಳಕ್ಕೆ ಆಫ್‌ಸೆಟ್ ಮಾಡಿ, ಮೂಲೆಗಳಿಗೆಲ್ಲ ಹೀಗೆ ಫಿಲೆಟ್ ಕೊಟ್ಟರೆ ಮನೆಯ ಅಸ್ಥಿಪಂಜರ ಎದ್ದು ನಿಂತಂತೆ. ಕಣ್ಣಳತೆಯಲ್ಲಿ ತಂದು ಕೂಡಿಸಿದ ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ಅದು ಗೊತ್ತಾಗುವುದು ಹ್ಯಾಚ್ ತುಂಬಲು ಹೋದಾಗ, "ಗಡಿ ಮುಚ್ಚಿಲ್ಲ" ಎಂದು ಸಾಫ್ಟ್‌ವೇರ್ ಹಟ ಹಿಡಿದಾಗ.

ಟ್ರಿಮ್ ಎಲ್ಲರಿಗೂ ಗೊತ್ತು. ಅದರೊಳಗೇ ಶಿಫ್ಟ್ ಹಿಡಿದರೆ ಅದು ಎಕ್ಸ್‌ಟೆಂಡ್ ಆಗುತ್ತದೆ ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಕತ್ತರಿಸುತ್ತಾ ಕತ್ತರಿಸುತ್ತಾ ಗಿಡ್ಡವಿರುವ ಗೆರೆಯನ್ನು ಗೋಡೆಗೆ ಮುಟ್ಟಿಸಬಹುದು, ಕಮಾಂಡ್ ಬದಲಿಸಬೇಕಿಲ್ಲ. 2021ರ ಆವೃತ್ತಿಯಿಂದ ಯಾವ ಗೆರೆಗೆ ಕತ್ತರಿಸಬೇಕು ಎಂದು ಮೊದಲು ತೋರಿಸುವ ತಾಪತ್ರಯವೂ ಇಲ್ಲ. ಹಳೆಯ ಆವೃತ್ತಿಯಾದರೆ 'ಟಿಆರ್' ಕೊಟ್ಟು ಸ್ಪೇಸ್ ಬಾರನ್ನು ಇನ್ನೊಮ್ಮೆ ತಟ್ಟಿದರೆ ಅಷ್ಟೇ ಆಯಿತು.

ಎಡಗೈ ಕೀಬೋರ್ಡಿನ ಮೇಲೇ ಇರಲಿ ಎಂದು ನಾನು ಬೈದು ಹೇಳುವುದುಂಟು. ಒಂದು ಕಮಾಂಡ್ ಮುಗಿದ ಮೇಲೆ ಸ್ಪೇಸ್ ಬಾರ್ ತಟ್ಟಿದರೆ ಅದೇ ಮತ್ತೆ ಬರುತ್ತದೆ. ಪ್ರತಿ ಸಲ ಮೇಲಿನ ಚಿತ್ರಗಳನ್ನು ಹುಡುಕಿಕೊಂಡು ಮೌಸ್ ಓಡಿಸುವವರ ಭುಜ ಸಂಜೆಗೆ ನೋಯುತ್ತದೆ.

ಅಳಿಸಿ ಎಳೆಯುವವರ ಫೈಲಿನಲ್ಲಿ ಇನ್ನೊಂದು ರೋಗ ಇರುತ್ತದೆ. ಒಂದು ಗೆರೆಯ ಮೇಲೆ ಇನ್ನೊಂದು ಮಲಗಿರುತ್ತದೆ, ಟ್ರಿಮ್ ಮಾಡಿದರೂ ಗೆರೆ ಹೋಗುವುದೇ ಇಲ್ಲ. ಅದಕ್ಕೆ ಮದ್ದು ಓವರ್‌ಕಿಲ್. ಪ್ಲ್ಯಾನಿನಲ್ಲಿ ಇಂಥದ್ದು ಕಣ್ಣಿಗೆ ಬೀಳದೆ ಇರಬಹುದು, ಗೇಟಿನ ಜಾಲಿ ಡಿಸೈನಾದರೆ ಲೇಸರ್ ಕಟಿಂಗ್ ಮಷೀನು ಅದೇ ಗೆರೆಯನ್ನು ಎರಡು ಸಲ ಸುಡುತ್ತದೆ. ಅದಕ್ಕೇ ಅಂಗಡಿಗೆ ಕಳಿಸುವ ಮೊದಲು ಫೈಲಿಗೆ ಓವರ್‌ಕಿಲ್ ಕೊಡುತ್ತೇನೆ. ಎಷ್ಟು ಗೆರೆ ತೆಗೆದೆ ಎಂದು ಅದು ಕೆಳಗೆ ಲೆಕ್ಕ ತೋರಿಸುತ್ತದೆ. ಹೊಸಬರನ್ನು ಪಕ್ಕಕ್ಕೆ ಕರೆದು ಅದನ್ನು ಓದಿಸುತ್ತೇನೆ.